ಆರಿಗನ್‌ವರೆಗೆ

ಜುಲೈ 24. ಬೆಳಿಗ್ಗೆ. ಮನೆ.

ಎಂಜಿನ್ ಆಯಿಲ್ ನೋಡಿದೆ. ಟೈರುಗಳಿಗೆ ಗಾಳಿ ತುಂಬಿಸಿದ್ದಾಯಿತು. ಐಸ್ ಪೆಟ್ಟಿಗೆಯ ಮೂಲೆಯಲ್ಲಿ ಹೋದ ವರ್ಷದ ಸಾಸಿವೆ ಸಾಸ್ ಕಲೆ. ಉಜ್ಜಿದೆ, ಹೋಗಲಿಲ್ಲ. ಸ್ಟವ್, ಲಾಟೀನು, ಟೆಂಟು, ಸ್ಲೀಪಿಂಗ್ ಬ್ಯಾಗುಗಳು ವ್ಯಾನಿನಲ್ಲಿ. ಬ್ಯಾಗು ನಾಲ್ಕು ಹಾಕಿದ್ದೆ. ಗೊತ್ತಾಗಿದ್ದು ಹಾಕಿದ ಮೇಲೆ. ಟ್ರೀನಾಳದ್ದನ್ನು ಕೆಳಗಿಳಿಸಲು ಹೋದರೆ ಮಾರೆನ್ ಕೈಯಿಂದ ಕಿತ್ತುಕೊಂಡಳು.

"ಇದು ನಂಗಿರ್ಲಿ. ನಂದು ಚಿಕ್ಕದಾಗಿದೆ."

ಈ ವಾರದಲ್ಲಿ ಅವಳು ನನ್ನ ಜೊತೆ ಆಡಿದ ಅತಿ ಉದ್ದದ ಮಾತು. ಅವಳಿಗೆ ಹದಿನಾಲ್ಕು ವರ್ಷ. ಅವಳ ಬ್ಯಾಗಿನ ಮೇಲೆ ಇನ್ನೂ ಒಂಟಿಕೊಂಬಿನ ಕುದುರೆಗಳಿವೆ, ಗುಲಾಬಿ ಬಣ್ಣದವು. ಅದೂ ವ್ಯಾನಿನಲ್ಲೇ ಉಳಿಯಿತು.

ಟ್ರೀನಾಳನ್ನು ಮದುವೆಯಾದ ವರ್ಷದಿಂದ ಪ್ರತಿ ಜುಲೈ ಹೀಗೇ. ಯಾವುದೋ ನ್ಯಾಷನಲ್ ಪಾರ್ಕು, ಅದೇ ಟೆಂಟು, ನಾವು ನಾಲ್ವರು. ಈ ಸಲ ಟ್ರೀನಾ ಇಲ್ಲ. ನವೆಂಬರಿನಲ್ಲಿ ಅಂಗಡಿಯಲ್ಲಿ ಈರುಳ್ಳಿ ಆರಿಸುತ್ತಿದ್ದಳಂತೆ, ಅಲ್ಲೇ ಕುಸಿದಳು. ಮಿದುಳಲ್ಲಿ ರಕ್ತಸ್ರಾವ. ಆಸ್ಪತ್ರೆಗೆ ನಾನು ಮುಟ್ಟುವಷ್ಟರಲ್ಲಿ ಮುಗಿದಿತ್ತು.

ವಾಪಸ್ ಬರುವಾಗ ವ್ಯಾನಿನಲ್ಲಿ ಮಕ್ಕಳೂ ಇರುವುದಿಲ್ಲ. ಆಗಸ್ಟ್ ಒಂಬತ್ತಕ್ಕೆ ಆರಿಗನ್‌ನಲ್ಲಿ ಕರ್ಟ್‌ಗೆ ಒಪ್ಪಿಸಬೇಕು. ಹುಟ್ಟಿಸಿದ ಅಪ್ಪ ಅವನು. ನಾನು ಅವರಮ್ಮನ ಎರಡನೇ ಗಂಡ. ಕೋರ್ಟು ಅದನ್ನು ಬಹಳ ಮರ್ಯಾದೆಯಿಂದಲೇ ಹೇಳಿತು. ವಿಮಾನದ ಟಿಕೆಟ್ ಕಳಿಸುತ್ತೇನೆ ಅಂದಿದ್ದ ಕರ್ಟ್. ಬೇಡ, ರಸ್ತೆಯಲ್ಲೇ ಕರೆತರುತ್ತೇನೆ, ದಾರಿಯಲ್ಲಿ ಟೆಂಟು ಹಾಕುತ್ತೇವೆ ಅಂದೆ. ವರ್ಕ್‌ಶಾಪಿನ ಯಜಮಾನ ಮುಖ ಗಂಟಿಕ್ಕಿದ. ನೆಬ್ರಾಸ್ಕಾದಲ್ಲಿ ಜುಲೈ ಅಂದರೆ ಹೊಲಕ್ಕೆ ನೀರು ಹಾಯಿಸುವ ಯಂತ್ರಗಳೆಲ್ಲ ಮಾತಾಡಿಕೊಂಡು ಒಟ್ಟಿಗೆ ಕೆಡುವ ತಿಂಗಳು. ಆದರೂ ರಜೆ ಕೊಟ್ಟ.

ಚಿಕ್ಕವನು, ಕೋಲ್ಬಿ, ಹಾರ್ನ್ ಹೊಡೆಯುತ್ತಿದ್ದಾನೆ. ಹೊರಟೆ.


ಜುಲೈ 25. ಬ್ಯಾಡ್‌ಲ್ಯಾಂಡ್ಸ್. ಸಂಜೆ.

ಗಾಳಿ. ಇಲ್ಲಿ ಗಾಳಿ ನಿಂತದ್ದನ್ನು ಕಂಡವರಿಲ್ಲ. ಟೆಂಟಿನ ಗೂಟದ ಮೇಲೆ ಕಲ್ಲು, ಕಲ್ಲಿನ ಮೇಲೆ ಇನ್ನೊಂದು ಕಲ್ಲು.

"ಅಬ್ಬಾ, ಈ ಬಿಸಿಲು ಸುಟ್ಟು ಹಾಕುತ್ತೆ" ಅಂದುಬಿಟ್ಟೆ.

ಕೋಲ್ಬಿ ಕುರ್ಚಿಯಿಂದ ಹಾರಿದ. "ಗೊಣಗಿದ! ಅಪ್ಪ ಗೊಣಗಿದ! ಪಾತ್ರೆ ನಿಂದು!"

ಟ್ರೀನಾಳ ಕಾನೂನು. ಗೊಣಗಿದವರು ಪಾತ್ರೆ ತೊಳೆಯಬೇಕು. ಮಳೆ, ಸೊಳ್ಳೆ, ಸೀದ ಬೀನ್ಸ್, ಯಾವುದರ ಬಗ್ಗೆಯೂ ತುಟಿ ಬಿಚ್ಚುವ ಹಾಗಿಲ್ಲ. ತಾನು ಮಾತ್ರ ಹಾಡಿನಲ್ಲಿ ಗೊಣಗುತ್ತಿದ್ದಳು. ಹಾಡು ಲೆಕ್ಕಕ್ಕಿಲ್ಲವಂತೆ. ತೊಳೆದೆ. ಮಾರೆನ್ ನಗಲಿಲ್ಲ. ಕಿವಿಗೆ ಸಿಕ್ಕಿಸಿದ ಇಯರ್‌ಫೋನನ್ನು ಮನೆಯಿಂದ ಇಲ್ಲಿಯವರೆಗೆ ತೆಗೆದಿಲ್ಲ.

ಒಂಬತ್ತು ವರ್ಷದ ಹಿಂದೆ ಮೊದಲ ಪ್ರವಾಸ ಇಲ್ಲಿಗೇ. ಕೋಲ್ಬಿ ಇನ್ನೂ ತೊಡೆಯ ಮೇಲಿನ ಕೂಸು. ಮಾರೆನ್‌ಗೆ ಐದು. ನನ್ನ ಜೊತೆ ಒಂದು ಅಕ್ಷರ ಆಡುತ್ತಿರಲಿಲ್ಲ. ನನಗೆ ಏನಾದರೂ ಹೇಳಬೇಕಿದ್ದರೆ ಅಮ್ಮನ ಕಿವಿಯಲ್ಲಿ ಹೇಳುವಳು. ಗೂಟ ಸರಿಯಾಗಿ ಹೊಡೆದಿರಲಿಲ್ಲ ನಾನು. ಗಾಳಿ ಟೆಂಟನ್ನೇ ಎತ್ತಿಕೊಂಡು ಹೋಯಿತು, ಚೆಂಡಿನ ಹಾಗೆ ಉರುಳಿಸಿಕೊಂಡು. ಹಿಂದೆ ನಾನು ಓಟ. ಟ್ರೀನಾ ಹುಲ್ಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮಾರೆನ್ ಸೊಂಟಕ್ಕೆ ಕೈಯಿಟ್ಟು ನಿಂತು, ನೇರ ನನಗೇ ಹೇಳಿದಳು —

"ಲೈಲ್, ನಿನ್ ಮನೆ ಓಡಿಹೋಯ್ತು."

ನನ್ನ ಹೆಸರನ್ನು ಅವಳು ಹೇಳಿದ್ದು ಅದೇ ಮೊದಲು.


ಜುಲೈ 27. ವಯೋಮಿಂಗ್.

ಬಿಗ್‌ಹಾರ್ನ್ ಬೆಟ್ಟ ಹತ್ತಿ ಇಳಿದೆವು. ಬ್ರೇಕ್ ಸುಟ್ಟ ವಾಸನೆ. ತಣಿಯಲಿ ಎಂದು ನಿಲ್ಲಿಸಿದಾಗ ಕೋಲ್ಬಿ ಕೇಳಿದ.

"ಅವನನ್ನ ಏನಂತ ಕರೀಬೇಕು? ನೀನೇ ಅಪ್ಪ ಅಲ್ವಾ. ಅವನೂ ಅಪ್ಪ ಆದ್ರೆ ಕೂಗಿದಾಗ ಇಬ್ರೂ ಬಂದ್ಬಿಟ್ರೆ?"

ಹಿಂದಿನ ಸೀಟಿನಿಂದ ಮಾರೆನ್ — "ಕರ್ಟ್ ಅನ್ನು. ಹೆಸರು ಇಟ್ಟಿರೋದು ಅದಕ್ಕೇ."

ಅಂದರೆ ಆ ಕಿವಿಯಲ್ಲಿ ಹಾಡು ಬರುತ್ತಿಲ್ಲ. ಎಲ್ಲ ಕೇಳಿಸಿಕೊಳ್ಳುತ್ತಿದ್ದಾಳೆ.


ಜುಲೈ 29. ಯೆಲ್ಲೋಸ್ಟೋನ್.

ಬೆಳಿಗ್ಗೆ ರಸ್ತೆಯ ನಡುವೆ ಕಾಡುಕೋಣದಂಥ ಒಂದು ಬೈಸನ್ ನಿಂತು ಮೆಲುಕು ಹಾಕುತ್ತಿತ್ತು. ನಮ್ಮ ಹಿಂದೆ ಕಾರುಗಳ ಸಾಲು. ಯಾರಿಗೂ ಅವಸರವಿಲ್ಲ. ನನಗಂತೂ ಇರಲೇ ಇಲ್ಲ. ಇಡೀ ದಿನ ಅದು ಅಲ್ಲೇ ನಿಂತಿರಲಿ ಅನಿಸಿತು.

ಮಧ್ಯಾಹ್ನ ದೊಡ್ಡ ಬುಗ್ಗೆಯ ಹತ್ತಿರ ಬೆಂಚಿನಲ್ಲಿ ಕೂತೆವು. ಎಲ್ಲರೂ ಫೋನ್ ಎತ್ತಿ ಹಿಡಿದಿದ್ದರು. ಬಿಸಿನೀರು ಚಿಮ್ಮಿತು. ಕೋಲ್ಬಿ ಬುಗ್ಗೆಗೆ ಬೆನ್ನು ಹಾಕಿ ನಿಂತು ಜನರನ್ನು ನೋಡುತ್ತಿದ್ದ.

ಅವರಮ್ಮ ಮಾಡುತ್ತಿದ್ದುದೂ ಅದನ್ನೇ. "ನೀರು ಯಾವಾಗ್ಲೂ ಒಂದೇ ಥರ ಲೈಲ್. ಮುಖ ನೋಡು, ಮುಖ! ದೊಡ್ಡ ದೊಡ್ಡ ಗಂಡಸರೆಲ್ಲ ಬಾಯಿ ತೆರ್ಕೊಂಡು ಹೇಗೆ ಮೂರು ವರ್ಷದ ಮಗು ಆಗ್ಬಿಡ್ತಾರೆ." ಹಾಗೆ ನೋಡುತ್ತ ಒಮ್ಮೆ ಅಪರಿಚಿತ ಮುದುಕನೊಬ್ಬನಿಗೆ ಕರ್ಚೀಫು ಕೊಟ್ಟಿದ್ದಳು. ಅಳುತ್ತಿದ್ದನಂತೆ. ನಾನು ಬುಗ್ಗೆ ನೋಡುತ್ತಿದ್ದೆ, ಅವನನ್ನು ನೋಡಲಿಲ್ಲ.

ಇವತ್ತು ನಾನೂ ತಿರುಗಿ ನಿಂತೆ. ಮಾರೆನ್ ನಮ್ಮಿಬ್ಬರನ್ನು ನೋಡಿದಳು. ಬಾಯಿಯ ಒಂದು ತುದಿ ಅಲುಗಿದಂತಿತ್ತು. ಆಮೇಲೆ ಎದ್ದು ಹೋದಳು.

ರಾತ್ರಿಯೂಟ ಹಾಟ್ ಡಾಗ್. ಪಾತ್ರೆ ನನ್ನದೇ. ಗಂಧಕದ ನಾತ ಅಂದಿದ್ದಕ್ಕೆ.


ಜುಲೈ 31. ಗ್ರ್ಯಾಂಡ್ ಟೀಟನ್.

ಬರೆಯಲು ಮನಸ್ಸಿಲ್ಲ.


ಆಗಸ್ಟ್ 3. ಐಡಹೋ. ಬೆಳಿಗ್ಗೆ.

ಆ ದಿನದ್ದು ಬರೆದಿಡಬೇಕು.

ಟೀಟನ್‌ನಲ್ಲಿ ಪಕ್ಕದ ಟೆಂಟಿನವರು ವಯಸ್ಸಾದ ದಂಪತಿ, ಅಯೋವಾದವರು. ಕೋಲ್ಬಿ ಕೆರೆಗೆ ಹಾರಿ ಕಿರುಚುತ್ತಿದ್ದ. ನೀರು ಮಂಜುಗಡ್ಡೆಯ ಹಾಗೆ. ಅಜ್ಜಿ ಕಾಫಿ ಹಿಡಿದು ಬಂದು ಹೇಳಿದರು — "ಎಷ್ಟು ಚೆನ್ನಾಗಿದ್ದಾರಪ್ಪ ಮಕ್ಕಳು. ಹುಡುಗಿಗೆ ನಿಮ್ಮದೇ ಗಲ್ಲ, ಅಚ್ಚು ಒತ್ತಿದ ಹಾಗಿದೆ."

"ನನ್ನ ಮಕ್ಕಳಲ್ಲ," ಅಂದೆ. "ಅವರಪ್ಪನ ಹತ್ರ ಬಿಡೋಕೆ ಹೋಗ್ತಿದೀನಿ."

ತಿರುಗಿದರೆ, ಮಾರೆನ್ ನೀರಿನ ಕ್ಯಾನು ಹಿಡಿದು ನನ್ನ ಹಿಂದೆಯೇ ನಿಂತಿದ್ದಳು. ಕ್ಯಾನು ನೆಲಕ್ಕೆ ಕುಕ್ಕಿ ಕೆರೆಯ ದಂಡೆಯ ಕಡೆ ನಡೆದಳು. ಹಿಂದೆ ಹೋದೆ. ಬರಬೇಡ ಅಂದಳು, ಆದರೂ ಹೋದೆ.

"ನಿಜಾನೇ ಹೇಳಿದೆಯಲ್ಲ. ಮತ್ತೇನು? ನಿನ್ ಮಕ್ಕಳಲ್ಲ. ಅಮ್ಮ ಇದ್ಲು, ಅದಕ್ಕೆ ನಾವೂ ಇದ್ವಿ. ಅವಳು ಹೋದ್ಲು, ಪ್ಯಾಕ್ ಮಾಡಿ ಕಳಿಸ್ತಿದೀಯ. ದಾರೀಲಿ ಬುಗ್ಗೆ ತೋರಿಸ್ಕೊಂಡು!"

"ಹಾಗಲ್ಲ ಮಾರೆನ್."

"ಹೇಗೆ ಮತ್ತೆ? ಒಂದ್ ಸಲಾನಾದ್ರೂ ಕೇಳಿದ್ಯಾ, ಇವರು ನನ್ ಹತ್ರಾನೇ ಇರ್ಲಿ ಅಂತ?"

ಕೇಳಿದ್ದೆ. ಕೋರ್ಟಿನಲ್ಲಿ, ಜನವರಿಯಲ್ಲಿ ಒಮ್ಮೆ, ಮಾರ್ಚಿನಲ್ಲಿ ಇನ್ನೊಮ್ಮೆ. ಎರಡನೇ ಸಲ ವಕೀಲೆ ಫೈಲ್ ಮುಚ್ಚಿ ನನ್ನ ಕೈ ಮೇಲೆ ಕೈಯಿಟ್ಟರು. ಕರ್ಟ್ ಕುಡಿತ ಬಿಟ್ಟು ಏಳು ವರ್ಷ, ಒಳ್ಳೆಯ ಮನೆ, ಒಳ್ಳೆಯ ಹೆಂಡತಿ, ಮಕ್ಕಳು ಬೇಕು ಅಂತಿದ್ದಾನೆ. ಇನ್ನು ಎಳೆದರೆ ಮಕ್ಕಳನ್ನೇ ಕಟಕಟೆಗೆ ಕರೆಸುತ್ತಾರೆ ಅಂದರು. ಅಲ್ಲಿಗೆ ಬಿಟ್ಟೆ. ಇಷ್ಟನ್ನೂ ಅವಳಿಗೆ ಹೇಳಿದೆ. ಸರಾಗವಾಗಿ ಅಲ್ಲ. ತಡವರಿಸಿಕೊಂಡು, ಕೆರೆ ನೋಡಿಕೊಂಡು.

ಕಾಲ ಬಳಿಯ ಕಲ್ಲೊಂದನ್ನು ಶೂನಿಂದ ನೀರಿಗೆ ತಳ್ಳಿದಳು.

"ನಮಗ್ಯಾಕೆ ಹೇಳ್ಲಿಲ್ಲ?"

"ಸೋತ ಮೇಲೆ ಏನು ಹೇಳೋದು."

"ಸೋತೆ ಅಂತಾನೇ ಹೇಳ್ಬೇಕಿತ್ತು!" ಅಳು ಬಂದಿತ್ತು ಅವಳಿಗೆ. "ನಂಗೆ ಅನ್ಸಿದ್ದು... ನಿಂಗೆ ಸದ್ಯ ಅನ್ನಿಸಿರ್ಬೇಕು ಅಂತ. ಮಾತೇ ಆಡ್ತಿರ್ಲಿಲ್ಲ ನೀನು. ವ್ಯಾನ್ ತೊಳೀತಿದ್ದೆ. ಬರೀ ವ್ಯಾನ್ ತೊಳೀತಿದ್ದೆ."

ಹೌದು, ತೊಳೆಯುತ್ತಿದ್ದೆ. ಬೇರೇನು ಮಾಡಬೇಕೋ ತಿಳಿದಿರಲಿಲ್ಲ.

ಅಪ್ಪಿಕೊಳ್ಳಲು ಬರುವುದಿಲ್ಲ ನನಗೆ. ಆ ಕೆಲಸ ಟ್ರೀನಾಳದು. ಆದರೂ ಕೈ ಚಾಚಿದೆ. ಅವಳೇ ತಲೆ ತಂದು ಎದೆಗೆ ಗುದ್ದಿದಳು, ಟಗರಿನ ಹಾಗೆ. ಸಣ್ಣವಳಿದ್ದಾಗಲೂ ಹಾಗೆಯೇ ಮಾಡುತ್ತಿದ್ದಳು.

ಆಮೇಲೆ ಅಯೋವಾದ ಅಜ್ಜಿ ಒಂದು ತಟ್ಟೆ ಪೀಚ್ ಹಣ್ಣಿನ ಕೇಕು ತಂದು ಮೇಜಿನ ಮೇಲಿಟ್ಟು, ಏನೂ ಕೇಳದೆ ಹೋದರು.


ಆಗಸ್ಟ್ 4. ಸಂಜೆ. ಆರಿಗನ್ ಗಡಿ ದಾಟಿ.

ಮಾರೆನ್ ಇವತ್ತು ಮುಂದಿನ ಸೀಟಿನಲ್ಲಿ. ಅಮ್ಮನ ಜಾಗ. ಕಾಲು ಡ್ಯಾಶ್‌ಬೋರ್ಡಿನ ಮೇಲೆ. ಇಳಿಸು ಅನ್ನಬೇಕಿತ್ತು, ಅನ್ನಲಿಲ್ಲ. ಕಪ್ಪು ಲಾವಾ ಬಯಲು ದಾಟುವಾಗ ಹಾಡು ಶುರು ಮಾಡಿದಳು, ಟ್ರೀನಾ ಕಟ್ಟಿದ ತಪ್ಪು ತಪ್ಪು ಸಾಲುಗಳನ್ನೇ. ಕೋಲ್ಬಿ ಹಿಂದಿನಿಂದ ಇನ್ನೂ ಎರಡು ತಪ್ಪು ಸೇರಿಸಿದ. ಮನೆ ಬಿಟ್ಟ ಮೇಲೆ ವ್ಯಾನಿನಲ್ಲಿ ಹಾಡು ಇದೇ ಮೊದಲು. ನಾನು ಕಿಟಕಿ ಇಳಿಸಿ ಗಾಳಿಗೆ ಮುಖ ಕೊಟ್ಟೆ.

ಪೆಟ್ರೋಲ್ ಹಾಕಿಸುವಾಗ ಫೋನ್ ತೆಗೆದು ಕರ್ಟ್‌ಗೆ ಮಾಡಿದಳು. ಸ್ಪೀಕರಿನಲ್ಲಿ.

"ನಮ್ಮನ್ನ ಪಾರ್ಕಿಂಗ್ ಲಾಟಲ್ಲಿ ಒಪ್ಪಿಸ್ಕೊಳ್ಳೋದು ಬೇಡ. ಸಾಮಾನಿನ ಥರ. ಆರನೇ ತಾರೀಖು ಕ್ರೇಟರ್ ಲೇಕಿಗೆ ಬಾ. ನಮ್ ಜೊತೆ ಟೆಂಟಲ್ಲಿ ಇರು. ಆಮೇಲೆ ಹೋಗೋಣ."

ಆ ಕಡೆ ಬಾಗಿಲು ಮುಚ್ಚಿದ ಸದ್ದು. ಆಮೇಲೆ — "ನಾನು ಯಾವತ್ತೂ ಟೆಂಟು ಹಾಕಿಲ್ಲ, ಮರಿ."

"ಕಲಿ. ಮತ್ತೆ ಮರಿ ಅನ್ಬೇಡ."

"ಆಯ್ತು," ಅಂದ. ಮತ್ತೆ, "ಲೈಲ್‌ಗೆ ಪರವಾಗಿಲ್ವಂತಾ?"

ಇಬ್ಬರೂ ನನ್ನ ಮುಖ ನೋಡಿದರು. ತಲೆಯಾಡಿಸಿದೆ. ಫೋನಿನಲ್ಲಿ ತಲೆಯಾಡಿಸಿದ್ದು ಕಾಣುವುದಿಲ್ಲ ಅಂತ ಕೋಲ್ಬಿ ಹೇಳಿಕೊಡಬೇಕಾಯಿತು.


ಆಗಸ್ಟ್ 7. ಕ್ರೇಟರ್ ಲೇಕ್. ಬೆಳಿಗ್ಗೆ.

ಕರ್ಟ್ ನಿನ್ನೆ ಮಧ್ಯಾಹ್ನ ಬಂದ. ಎತ್ತರದ ಆಳು, ಹಡಗು ಎಳೆಯುವ ದೋಣಿಯಲ್ಲಿ ಕೆಲಸ, ಹಗ್ಗ ತಿಂದ ಕೈಗಳು. ಆ ಕೈಯಲ್ಲಿ ಡೋನಟ್ ಡಬ್ಬಿ. ಕಾರಿನ ಪಕ್ಕದಲ್ಲೇ ನಿಂತುಬಿಟ್ಟ, ಯಾರಾದರೂ ಒಳಗೆ ಕರೆಯಲಿ ಅಂತ ಕಾಯುವವನ ಹಾಗೆ. ಕಾಡಿನಲ್ಲಿ ಒಳಗೆಲ್ಲಿ, ಹೊರಗೆಲ್ಲಿ. ಕೋಲ್ಬಿ ಹೋಗಿ ಡೋನಟ್ ಡಬ್ಬಿ ಇಸಿದುಕೊಂಡ. "ಹಾಯ್ ಕರ್ಟ್. ಇಲ್ಲಿ ಗೊಣಗಿದ್ರೆ ಪಾತ್ರೆ ತೊಳೀಬೇಕು. ಮೊದ್ಲೇ ಹೇಳಿದೀನಿ."

ಅವನನ್ನು ದ್ವೇಷಿಸಲು ಸಿದ್ಧನಾಗಿದ್ದೆ. ಒಂಬತ್ತು ತಿಂಗಳಿಂದ.

ಹೊಸ ಟೆಂಟು ತಂದಿದ್ದ. ಡಬ್ಬಿಯನ್ನೇ ಒಡೆದಿರಲಿಲ್ಲ. ನಾನು ಸಹಾಯಕ್ಕೆ ಹೋಗಲಿಲ್ಲ, ಮಾರೆನ್ ಬಿಡಲಿಲ್ಲ. "ಅವನೇ ಮಾಡ್ಲಿ." ಗಂಟು ಮಾತ್ರ ಹಡಗಿನವನ ಗಂಟು, ಬಿಚ್ಚಲಾಗದಂಥದು. ಕಂಬ ಉಲ್ಟಾ. ರಾತ್ರಿ ಆಲಿಕಲ್ಲು ಮಳೆ ಹೊಡೆಯಿತು. ಆಗಸ್ಟಿನಲ್ಲಿ! ಅವನ ಟೆಂಟು ಮೆಲ್ಲಗೆ ಒಂದು ಕಡೆ ವಾಲಿ, ನಿಟ್ಟುಸಿರಿಟ್ಟು ಮಲಗಿತು. ಒಳಗಿನಿಂದ ಸ್ವರ ಬಂತು — "ಲೈಲ್... ನೀವು ಎಚ್ಚರವಾಗಿದ್ದೀರಾ?"

ಒಳಗೆ ಕರೆದೆವು. ಮೈಯೆಲ್ಲ ನೀರು, ಅವನ ಬ್ಯಾಗೂ ಹಿಂಡುವ ಹಾಗೆ. ಉಳಿದಿದ್ದು ಮಾರೆನ್‌ಳ ಹಳೆಯ ಬ್ಯಾಗು. ಆರಡಿ ಮೂರಂಗುಲದ ಮನುಷ್ಯ, ಗುಲಾಬಿ ಕುದುರೆಗಳೊಳಗೆ ಎದೆಯವರೆಗೆ ಮಾತ್ರ ಹಿಡಿದ. ಕೋಲ್ಬಿಗೆ ಬಿಕ್ಕಳಿಕೆ ಬರುವಷ್ಟು ನಗು. ಮಾರೆನ್ ಟ್ರೀನಾಳ ಬ್ಯಾಗಿನೊಳಗೆ ಮುಖ ಹುದುಗಿಸಿಕೊಂಡಿದ್ದಳು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡೆ. ಅಲ್ಲ, ಅವಳೂ ನಗುತ್ತಿದ್ದಳು.

"ಇಷ್ಟು ಚಳಿ ಇರುತ್ತೆ ಅಂತ ಯಾರೂ ಹೇಳ್ಲಿಲ್ವಲ್ಲ ನಂಗೆ," ಅಂದ ಕರ್ಟ್.

ಇಬ್ಬರೂ ಒಟ್ಟಿಗೆ — "ಪಾತ್ರೆ!"

ಈಗ ತೊಳೆಯುತ್ತಿದ್ದಾನೆ. ನಲ್ಲಿಯ ಹತ್ತಿರ, ಬಗ್ಗಿಕೊಂಡು. ಬಾಣಲೆಯ ಹಿಂಭಾಗವನ್ನೂ ಬಿಡದೆ ಉಜ್ಜುತ್ತಿದ್ದಾನೆ.


ಆಗಸ್ಟ್ 8. ಮಧ್ಯಾಹ್ನ.

ಬೆಳಿಗ್ಗೆ ಕರ್ಟ್ ಜೊತೆ ಕೆರೆಯ ಅಂಚಿಗೆ ಹೋಗಿದ್ದೆ. ಮಕ್ಕಳು ಇನ್ನೂ ಮಲಗಿದ್ದರು. ಕೆಳಗೆ ನೀರಿನ ಆ ನೀಲಿ.

"ನಾನು ಬಿಟ್ಟು ಹೋದಾಗ ಮಾರೆನ್‌ಗೆ ನಾಲ್ಕು ವರ್ಷ," ಅಂದ. "ಅವನಿನ್ನೂ ಹಾಲು ಕುಡೀತಿದ್ದ. ಆಮೇಲೆ ಬರೀ ಫೋನು. ಹುಟ್ಟುಹಬ್ಬ, ಕ್ರಿಸ್‌ಮಸ್. ಇವರಿಗೆ ಏನಿಷ್ಟ, ಏನು ಭಯ, ಒಂದೂ ಗೊತ್ತಿಲ್ಲ ನಂಗೆ. ಹೇಳ್ತೀಯಾ?"

ಹೇಳಿದೆ. ಕೋಲ್ಬಿ ಪ್ಯಾನ್‌ಕೇಕನ್ನು ಅಂಚಿನಿಂದ ತಿನ್ನುತ್ತಾನೆ, ನಡುವಿನದು ಕೊನೆಗೆ, ತಟ್ಟೆ ಮೊದಲೇ ಎತ್ತಬೇಡ. ಗುಡುಗಿಗೆ ಹೆದರುತ್ತಾನೆ, ಒಪ್ಪಿಕೊಳ್ಳುವುದಿಲ್ಲ, ಹತ್ತಿರ ಬಂದು ಏನಾದರೂ ಪ್ರಶ್ನೆ ಕೇಳುತ್ತಾನೆ, ಉತ್ತರ ಉದ್ದ ಇರಲಿ. ಮಾರೆನ್‌ಗೆ ಎದ್ದ ಕೂಡಲೇ ಮಾತು ಬೇಡ. ನಿಜವಾಗಿ ನೋವಾದಾಗ ಜಗಳ ಆಡುವುದಿಲ್ಲ, ಮನೆ ಗುಡಿಸಲು ಶುರು ಮಾಡುತ್ತಾಳೆ, ಆಗ ನೀನೂ ಒಂದು ಪೊರಕೆ ಹಿಡಿದು ಜೊತೆಗೆ ನಿಲ್ಲು. ಗಣಿತ ಬರುತ್ತೆ, ಬರಲ್ಲ ಅಂತಾಳೆ. ಅಮ್ಮನ ಹುಟ್ಟುಹಬ್ಬ ಅಕ್ಟೋಬರಿನಲ್ಲಿ...

ನಿಲ್ಲಿಸಲು ಆಗಲೇ ಇಲ್ಲ. ಅವನು ಕಣ್ಣು ಮಿಟುಕಿಸದೆ ಕೇಳಿದ. ಹೇಳಿದ ಒಂದೊಂದೂ ನನ್ನ ಕೈಬಿಟ್ಟು ಅವನ ಕೈಗೆ ಹೋಗುತ್ತಿತ್ತು. ಆದರೂ ಹೇಳಿದೆ. ಕಾಫಿ ತಣ್ಣಗಾಯಿತು.

"ಬರೋ ಜುಲೈ ಇವರನ್ನ ಕರ್ಕೊಂಡು ಹೋಗು," ಅಂದ ಕೊನೆಗೆ. "ಪ್ರತಿ ಜುಲೈ. ನಾನೇ ತಂದು ಬಿಡ್ತೀನಿ, ಎಲ್ಲಿ ಹೇಳ್ತೀಯೋ ಅಲ್ಲಿಗೆ."

"ನೀನೂ ಬಾ."

"ನಾನಾ? ಅಯ್ಯೋ, ಬೇಡಪ್ಪ. ನೆಲ ಗಟ್ಟಿ."

ಇಬ್ಬರಿಗೂ ಒಂದೇ ಸಲ ನಗು ಬಂತು. ಹತ್ತಿರದಲ್ಲಿ ಕೋಲ್ಬಿ ಇರಲಿಲ್ಲ, ಕರ್ಟ್ ಬಚಾವಾದ.

ಜುಲೈ ಮಾತು ಸುಮ್ಮನೆ ಅಂದದ್ದಲ್ಲ ಅನಿಸುತ್ತದೆ. ಅಂದವನಿಗೂ ಹಾಗೇ ಅನಿಸಿತೋ ಏನೋ, ಮತ್ತೊಮ್ಮೆ ಹೇಳಿದ.


ಆಗಸ್ಟ್ 9.

ಕರ್ಟ್‌ನ ಊರು. ಕಡಲು. ಮಂಜು. ಅವನ ಹೆಂಡತಿ ಮೀನಿನ ಸೂಪು ಮಾಡಿದ್ದಳು, ಒಳ್ಳೆಯವಳು. ಕೋಲ್ಬಿಗೆ ಕಡಲು ಕಾಣುವ ಕೋಣೆ.

ವ್ಯಾನಿನ ಕನ್ನಡಿಯಲ್ಲಿ ಇಬ್ಬರೂ ರಸ್ತೆಯ ನಡುವೆ ನಿಂತಿದ್ದರು. ತಿರುವು ಬರುವವರೆಗೂ.


ಆಗಸ್ಟ್ 13. ಮನೆ.

ದಾರಿಯಲ್ಲಿ ಎಲ್ಲೂ ಟೆಂಟು ಹಾಕಲಿಲ್ಲ. ವ್ಯಾನಿನಲ್ಲೇ ಮಲಗಿದೆ. ಹಾಡು ಹಾಕಿದೆ, ಆರಿಸಿದೆ. ನಾಳೆಯಿಂದ ಕೆಲಸ. ಜೋಳ ತಲೆ ಎತ್ತರಕ್ಕೆ ಬಂದಿದೆ.

ಮನೆ ದೊಡ್ಡದಾಗಿದೆ.


ಆಗಸ್ಟ್ 18. ಭಾನುವಾರ. ಮಧ್ಯಾಹ್ನ.

ವ್ಯಾನಿನಿಂದ ಮುಗ್ಗಲು ವಾಸನೆ. ಕ್ರೇಟರ್ ಲೇಕಿನಲ್ಲಿ ಟೆಂಟನ್ನು ಒದ್ದೆಯಾಗಿಯೇ ಮಡಚಿದ್ದು ಮರೆತೇಹೋಗಿತ್ತು. ಒಣಗಲಿ ಎಂದು ಹಿತ್ತಲಿನಲ್ಲಿ ನಿಲ್ಲಿಸಿದೆ. ಒಬ್ಬನೇ ನಿಲ್ಲಿಸುವುದು ಕಷ್ಟ, ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಬೀಳುತ್ತದೆ. ಪಕ್ಕದ ಮನೆಯವರು ಬೇಲಿಯಾಚೆಯಿಂದ, "ಏನ್ ಲೈಲ್, ಪ್ರವಾಸ ಸಾಕಾಗ್ಲಿಲ್ವಾ?" ಅಂದರು.

ಒಳಗೆ ಗುಡಿಸಲು ಹೋದೆ. ಬ್ಯಾಡ್‌ಲ್ಯಾಂಡ್ಸಿನ ಬಿಳಿ ಮಣ್ಣು, ಪೈನ್ ಸೂಜಿ, ಕೋಲ್ಬಿಯ ಒಂದು ಸಾಕ್ಸು. ಗುಡಿಸಲಿಲ್ಲ. ಕೂತೆ.

ಫೋನ್ ಬಂತು. ವಿಡಿಯೋ. ಮಾರೆನ್.

"ಹಿಂದೆ ಅದೇನು ಹಸಿರು? ಟೆಂಟಲ್ಲಿದೀಯಾ?!" ಆಮೇಲೆ ಗಂಟಲು ಹರಿಯುವ ಹಾಗೆ, "ಕೋಲ್ಬೀ! ಬಾರೋ, ಲೈಲ್ ಟೆಂಟಲ್ಲಿದಾನೆ!"

ಶಾಲೆ ಯಾವಾಗಿಂದ, ಕರ್ಟ್ ಹೇಗಿದ್ದಾನೆ, ಊಟ ಸೇರುತ್ತಾ — ಕೇಳಬೇಕೆಂದುಕೊಂಡಿದ್ದೆಲ್ಲ ನಾಲಿಗೆ ತುದಿಯಲ್ಲಿತ್ತು. ಮಾರೆನ್ ತಡೆದಳು.

"ಮಾತಾಡ್ಬೇಡ. ಫೋನ್ ನೆಲದ ಮೇಲಿಡು. ನಡುವೆ. ಮೇಲೆ ಬಟ್ಟೆ ಕಾಣ್ಬೇಕು. ನೀನೂ ಮಲ್ಕೋ."

ಇಟ್ಟೆ. ಮಲಗಿದೆ. ಅವರೂ ಅಲ್ಲಿ ಕಡಲ ಕೋಣೆಯ ನೆಲದ ಮೇಲೆ ಮಲಗಿದ್ದಾರೆ. ಶಬ್ದ ಕೇಳಿದರೆ ಗೊತ್ತಾಗುತ್ತದೆ. "ಸರ್ಕೊಳೋ, ನಿನ್ ಮೊಣಕೈ." "ನೀನೇ ಸರ್ಕೋ, ಅಪ್ಪನ ಪಕ್ಕ ನಾನು." ಯಾವಾಗಲೂ ನಡೆಯುವ ಜಗಳ. ಟ್ರೀನಾ ಇದ್ದಾಗಲೂ ಇದೇ. ಅವಳು ಟೆಂಟಿನ ಗೋಡೆ ಕಡೆ ತಿರುಗಿ, ಇನ್ನೊಮ್ಮೆ ಜಗಳ ಆಡಿದ್ರೆ ಇಬ್ಬರನ್ನೂ ಬೈಸನ್‌ಗೆ ಕೊಡ್ತೀನಿ ಅನ್ನುತ್ತಿದ್ದಳು.

ಜಗಳ ಮುಗಿದಿದೆ. ಫೋನ್ ಪಕ್ಕದಲ್ಲೇ ಇದೆ, ಆರಿಸಿಲ್ಲ. ಪುಸ್ತಕ ಮೊಣಕಾಲ ಮೇಲೆ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಏನ್ ಬರೀತಿದೀಯ ಅಂದಳು ಮಾರೆನ್. ಹವಾಮಾನ ಅಂದೆ. ಹೇಗಿದೆ ಅಂದಳು. ಪಶ್ಚಿಮದಲ್ಲಿ ಕಪ್ಪಗಾಗಿದೆ, ಮಳೆ ಬಂದೇ ಬರುತ್ತೆ ಅಂದೆ.

ಎದ್ದು ಹೋಗಿ ಮೇಲಿನ ಹೊದಿಕೆ ಎಳೆಯಬೇಕು, ಇಲ್ಲದಿದ್ದರೆ ಒಣಗಿಸಿದ್ದೆಲ್ಲ ದಂಡ. ಎದ್ದೆ ಕೂಡ. ಇಬ್ಬರೂ ಬೇಡ ಬೇಡ ಅಂತಿದ್ದಾರೆ. ಒಂದೇ ನಿಮಿಷ ಇರು, ಮೊದಲ ಹನಿ ಬೀಳೋದು ಕೇಳ್ಬೇಕು ಅಂತ.